ಕಪ್ಪಾಗುವ ಚಾಕು ಬೇಕೋ, ಹೊಳೆಯುವ ಚಾಕು ಬೇಕೋ?

ಮೊನ್ನೆ ತಂಗಿಯ ಮೊಮ್ಮಗ ಫೋನ್ ಮಾಡಿದ್ದ. "ಅಜ್ಜಿ, ಜೇಬಲ್ಲಿ ಇಟ್ಕೊಳ್ಳೋ ಮಡಚುವ ಚಾಕು ತಗೋಬೇಕು. ಕಾರ್ಬನ್ ಸ್ಟೀಲಾ, ಸ್ಟೇನ್‌ಲೆಸ್ಸಾ?" ನಾನು ತಿರುಗಿ ಕೇಳಿದೆ: "ಊಟ ಮಾಡಿದ ತಟ್ಟೆ ಯಾವಾಗ ತೊಳೀತೀಯೋ?" ನಕ್ಕುಬಿಟ್ಟ. ಸರಿ, ಕೂಡಲೇ ತೊಳೆದು ಒರೆಸದವನಿಗೆ ಕಾರ್ಬನ್ ಆಗದು, ತುಕ್ಕು ಹಿಡಿಯುತ್ತದೆ. ಅವನಿಗೆ ಸ್ಟೇನ್‌ಲೆಸ್ಸೇ.

ನನ್ನ ಹತ್ತಿರ ಎರಡೂ ಇದ್ದವು. ಮಗಳು ಫ್ರಾನ್ಸಿನಲ್ಲಿ ಓದುವಾಗ ತಂದುಕೊಟ್ಟ ಓಪಿನೆಲ್ ಚಾಕುಗಳು, ಎರಡೂ 8ನೇ ನಂಬರಿನ ಅಳತೆಯವು. ಆಲ್ಪ್ಸ್ ಬೆಟ್ಟದ ಸವೋಯ್ ಸೀಮೆಯಲ್ಲಿ ಜೋಸೆಫ್ ಓಪಿನೆಲ್ ಎಂಬಾತ 1890ರಲ್ಲಿ ಮಾಡಿದ ಚಾಕು ಇದು. ಬೀಚ್ ಮರದ ಹಿಡಿ, ಅದರೊಳಗೆ ಮಡಚಿ ಕೂರುವ 8.5 ಸೆಂ.ಮೀ. ಅಲಗು, ತೆರೆದಾಗ ಅಲಗು ಕೈಮೇಲೆ ಮಡಚಿಕೊಳ್ಳದಂತೆ ತಿರುಗಿಸಿ ಬಿಗಿ ಮಾಡುವ ಒಂದು ಬಳೆ, ಅಷ್ಟೇ. ಬಳೆ ಬಂದದ್ದು 1955ರಲ್ಲಿ. ಒಂದರ ಅಲಗಿನ ಮೇಲೆ 'ಕಾರ್ಬೋನ್' ಅಂತ ಮುದ್ರೆ ಇದೆ, ಇನ್ನೊಂದರ ಮೇಲೆ 'ಇನಾಕ್ಸ್'. ಇನಾಕ್ಸ್ ಅಂದರೆ ಸ್ಟೇನ್‌ಲೆಸ್.

ಮುದ್ರೆ ಇಲ್ಲದ ಚಾಕು ಸಿಕ್ಕರೆ ಅಯಸ್ಕಾಂತ ಹಿಡಿದು ನೋಡಬೇಡಿ. ಚಾಕು ಮಾಡುವ ಸ್ಟೇನ್‌ಲೆಸ್ಸೂ ಅಯಸ್ಕಾಂತಕ್ಕೆ ಅಂಟುತ್ತದೆ. ಅಲಗಿನ ಮೂಲೆಗೆ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಸುಮ್ನೆ ಕೂತಿರಿ. ಬೂದು ಕಲೆ ಬಿದ್ದರೆ ಕಾರ್ಬನ್.

ಕಾರ್ಬನ್ ನಮಗೇನೂ ಹೊಸದಲ್ಲ. ಬಾಳೆಕಾಯಿ ಕೊಯ್ದರೆ ಕಪ್ಪಾಗುವ ಹಳೇ ಈಳಿಗೆ ಮಣೆ ಇಲ್ವಾ, ಅದೇ ಜಾತಿ. ಕಬ್ಬಿಣಕ್ಕೆ ಚೂರು ಕಾರ್ಬನ್ ಸೇರಿದ್ದು, ಈ ಚಾಕುವಿನಲ್ಲಿ ನೂರಕ್ಕೆ ಸುಮಾರು 0.9 ಪಾಲು. ಸ್ಟೇನ್‌ಲೆಸ್ಸಿಗೆ ಅದರ ಜೊತೆ ಕ್ರೋಮಿಯಂ ಕೂಡ ಸೇರಿಸಿರುತ್ತಾರೆ, ಕಡಿಮೆ ಅಂದರೂ ನೂರಕ್ಕೆ ಹತ್ತೂವರೆ ಪಾಲು. ಅದು ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿಕೊಂಡು ತುಕ್ಕು ತಡೆಯುತ್ತದೆ.

ಕಾರ್ಬೋನ್ ಚಾಕುವಿನಲ್ಲಿ ಮೊದಲ ಸಲ ಮಾವಿನಕಾಯಿ ಹೆಚ್ಚಿದ್ದು ಇನ್ನೂ ನೆನಪಿದೆ. ನಾಲ್ಕು ಹೋಳು ಆಗುವಷ್ಟರಲ್ಲಿ ಅಲಗಿನ ಮೇಲೆ ನವಿಲುಗರಿ ಬಣ್ಣ ಓಡಿತು, ನೀಲಿ, ನೇರಳೆ, ಆಮೇಲೆ ಬೂದಿ. ಹೋಳಿನ ಅಂಚೂ ಸ್ವಲ್ಪ ಕಪ್ಪಾಗಿ ಕಬ್ಬಿಣದ ವಾಸನೆ ಬಂತು. ಹೆದರಿ ಹುಣಸೆಹಣ್ಣು ಹಾಕಿ ತಿಕ್ಕಿದೆ, ಹುಳಿಗೆ ಹುಳಿ ಸೇರಿ ಇನ್ನೂ ಕಪ್ಪಾಯಿತು ನೋಡಿ! ಈ ಬೂದು ಬಣ್ಣವನ್ನು ತೆಗೆಯಲೇ ಬಾರದು. ದಿನಾ ಬಳಸಿ ಅಲಗೆಲ್ಲ ಒಂದೇ ಸಮ ಮಸುಕಾದ ಮೇಲೆ ವಾಸನೆಯೂ ಕಡಿಮೆಯಾಗುತ್ತದೆ, ತುಕ್ಕೂ ಅಷ್ಟು ಬೇಗ ಹತ್ತುವುದಿಲ್ಲ. ಕೆಂಪಗೆ, ಬೆರಳಿಗೆ ಪುಡಿಪುಡಿಯಾಗಿ ಹತ್ತಿದರೆ ಮಾತ್ರ ಅದು ತುಕ್ಕು. ಜರಡಿ ಹಿಡಿದ ಒಲೆಬೂದಿಗೆ ಎಣ್ಣೆ ಕಲಸಿ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ.

ನನ್ನ ಚಾಕುವಿನಲ್ಲಿ ತುಕ್ಕು ಹತ್ತಿದ್ದು ಅಲಗಿಗಲ್ಲ, ಅಲಗು ಮಡಚುವ ಕೀಲಿಗೆ. ಒಂದು ಮದುವೆ ಮನೆಯಲ್ಲಿ ನಿಂಬೆಹಣ್ಣು ಕೊಯ್ದು, ಯಾರೋ ಕರೆದರು ಅಂತ ಸೀರೆಗೆ ಒರೆಸಿ ಮಡಚಿ ಚೀಲಕ್ಕೆ ಹಾಕಿಕೊಂಡವಳು ನಾಲ್ಕು ದಿನ ಮರೆತೇಬಿಟ್ಟೆ. ಅಲಗು ಹೊರಗೆ ಬರಲೇ ಇಲ್ಲ. ಅದಕ್ಕೇ ಹೇಳುವುದು, ತೊಳೆದ ಚಾಕುವನ್ನು ಒದ್ದೆಯಲ್ಲೇ ಮಡಚಬೇಡಿ. ಒರೆಸಿ, ತೆರೆದೇ ಅರ್ಧ ಗಂಟೆ ಗಾಳಿಗೆ ಇಟ್ಟು, ಆಮೇಲೆ ಅಲಗಿಗೆ ಒಂದು ಬೊಟ್ಟು ಕೊಬ್ಬರಿ ಎಣ್ಣೆ ಸವರಿ. ಕೀಲಿಗೆ ಕೊಬ್ಬರಿ ಎಣ್ಣೆ ಬೇಡ, ದಿನ ಹೋದಂತೆ ಅಂಟಾಗುತ್ತದೆ. ಅಲ್ಲಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಒಂದೇ ಹನಿ ಸಾಕು, ಹೆಚ್ಚಾಗಿದ್ದನ್ನು ಒರೆಸಿಬಿಡಿ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಫಜೀತಿ. ಮರದ ಹಿಡಿ ತೇವ ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ, ಇದಕ್ಕೆ ಕಾರ್ಬೋನ್ ಇನಾಕ್ಸ್ ಭೇದ ಇಲ್ಲ. ಉಗುರು ಮುರಿದುಕೊಳ್ಳಬೇಡಿ. ಬಳೆ ಸಡಿಲಿಸಿ, ಹಿಡಿಯ ಹಿಂದಿನ ತುದಿಯನ್ನು ಮೇಜಿನ ಅಂಚಿಗೆ ಟಕ್ ಅಂತ ಕುಟ್ಟಿ, ಅಲಗಿನ ತುದಿ ಇಣುಕುತ್ತದೆ. ಸವೋಯ್ ಕಡೆಯವರೂ ಹೀಗೇ ಮಾಡುವುದು.

ಹರಿತದ ವಿಷಯದಲ್ಲಿ ಜನ ಸುಮ್ನೆ ಜಗಳ ಆಡುತ್ತಾರೆ. ಹೊಸದರಲ್ಲಿ ಎರಡೂ ಒಂದೇ. ಮೊಂಡಾದ ಮೇಲೆ ಗೊತ್ತಾಗುವುದು. ಕಾರ್ಬೋನ್ ಸಾಣೆಕಲ್ಲಿಗೆ ಬೇಗ ಒಗ್ಗುತ್ತದೆ, ಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲು ಮಗುಚಿ ತಳದ ಒರಟು ಅಂಚಿನ ಮೇಲೆ ಎಳೆದರೂ ಆಯಿತು. ಇನಾಕ್ಸಿಗೆ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು. ಯಾವುದಾದರೂ ಸರಿ, ಅಲಗಿನ ಬೆನ್ನು ಕಲ್ಲಿನಿಂದ ಮೂರು ನಾಣ್ಯ ಪೇರಿಸಿದಷ್ಟು ಮೇಲಿರಲಿ. ಒಂದು ಕಡೆ ಮಸೆದಾಗ ಇನ್ನೊಂದು ಕಡೆ ಬೆರಳಿಗೆ ಸಣ್ಣ ತರಿ ಸಿಗುತ್ತದಲ್ಲ, ಆಗ ಮಗುಚಿ.

ಸಮುದ್ರದ ಕಡೆಯವರು, ಮೀನು ಕೊಯ್ಯುವವರು ಕಣ್ಣು ಮುಚ್ಚಿ ಸ್ಟೇನ್‌ಲೆಸ್ ತಗೊಳ್ಳಿ. ಹಾಗಂತ ಉಪ್ಪುನೀರು ಹಚ್ಚಿ ಬಿಟ್ಟರೆ ಅದಕ್ಕೂ ಸಣ್ಣ ಸಣ್ಣ ಚುಕ್ಕೆ ತುಕ್ಕು ಬೀಳುತ್ತದೆ. ನನ್ನ ಚೀಲದಲ್ಲಿ ಮಾತ್ರ ಕಾರ್ಬೋನೇ, ತೋಟದಲ್ಲಿ ಬಾಳೆ ಎಲೆ, ಹಗ್ಗ, ಬಳ್ಳಿ ಎಲ್ಲದಕ್ಕೂ ಅದೇ.

ಇನಾಕ್ಸನ್ನು ಫೋನ್ ಮಾಡಿದ್ದ ಆ ಹುಡುಗನಿಗೇ ಕೊಟ್ಟುಬಿಟ್ಟೆ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಟ್ಟುಕೊಂಡರೆ ಕಿತ್ತುಕೊಳ್ಳುತ್ತಾರೆ ಕಣೋ, ಕೆಳಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿ ಇಡು ಅಂತ ಮೂರು ಸಲ ಹೇಳಿದ್ದೇನೆ.