ಪುಟ್ಟ ವಿಮಾನಕ್ಕೆ ಹೊರಗಿನ ಪವರ್ ಸಾಕೆಟ್: ಗಿಡ್ಡ ಪಿನ್ನಿನ ಕಡೆ ಗಮನವಿರಲಿ

ಅಮೆರಿಕದಲ್ಲಿ ಆರ್‌ವಿ-10ರಂಥ ಕಿಟ್ ತರಿಸಿ ಗ್ಯಾರೇಜಿನಲ್ಲೇ ವಿಮಾನ ಕಟ್ಟುವವರು ಬಹಳ ಜನ. ಚಳಿಗೆ ಬ್ಯಾಟರಿ ಕೂತಾಗ, ಅಥವಾ ಹ್ಯಾಂಗರಿನಲ್ಲಿ ಗಂಟೆಗಟ್ಟಲೆ ಸ್ಕ್ರೀನ್ ಹಾಕಿಕೊಂಡು ಸೆಟ್ಟಿಂಗ್ ಮಾಡುವಾಗ ಹೊರಗಿನಿಂದ ಕರೆಂಟ್ ಕೊಡುವ ಗ್ರೌಂಡ್ ಪವರ್ ಸಾಕೆಟ್ ಬೇಕೇ ಬೇಕು. ತಗಡಿನ ಕೆಲಸ ಅಂದವಾಗಿ ಮಾಡಿ, ವೈರಿಂಗಿನಲ್ಲಿ ಎಡವುವವರೇ ಜಾಸ್ತಿ.

ಮೊದಲು ಜಾಗ. ಪ್ರೊಪೆಲ್ಲರ್ ಹತ್ತಿರ ಬೇಡವೇ ಬೇಡ. ಎಂಜಿನ್ ಶುರುವಾದ ಮೇಲೆ ಪ್ಲಗ್ ಕೀಳಲು ಯಾರಾದರೂ ಅಲ್ಲಿಗೆ ಬರಲೇಬೇಕು, ಅಲ್ವಾ? ರೆಕ್ಕೆಯ ಹಿಂದೆ ಇರಲಿ. ಆರ್‌ವಿ-10ರಲ್ಲಿ ಬ್ಯಾಟರಿಯೂ ಹಿಂದೆಯೇ ಇರುವುದರಿಂದ ದಪ್ಪ ಕೇಬಲ್ ಉದ್ದ ಎಳೆಯಬೇಕಿಲ್ಲ. ತಗಡು ಕೊರೆದು, ಒಳಗಿನಿಂದ ಡಬ್ಲರ್ (ಬಲಕ್ಕೆ ಇನ್ನೊಂದು ಪದರ ತಗಡು) ಕೊಟ್ಟು ರಿವೆಟ್ ಹೊಡೆಯಿರಿ.

ಸಾಕೆಟ್ ಮೂರು ಪಿನ್ನಿನದೇ ಆಗಲಿ. ಎರಡು ದಪ್ಪ ಪಿನ್, ಒಂದು ಗಿಡ್ಡ ಪಿನ್. ಪ್ಲಗ್ ಪೂರ್ತಿ ಒಳಗೆ ಹೋದ ಮೇಲಷ್ಟೇ ಗಿಡ್ಡ ಪಿನ್ ತಾಗುತ್ತದೆ, ಕೀಳುವಾಗ ಅದೇ ಮೊದಲು ಬಿಡುತ್ತದೆ. ದಪ್ಪ ಪಿನ್ನಿನ ಕರೆಂಟನ್ನು ವಿಮಾನಕ್ಕೆ ಬಿಡುವ ದೊಡ್ಡ ಸ್ವಿಚ್ಚೇ ಕಾಂಟ್ಯಾಕ್ಟರ್; ಅದನ್ನು ಆನ್ ಮಾಡುವ ಕಾಯಿಲ್‌ಗೆ ಕರೆಂಟ್ ಹೋಗಬೇಕಾದದ್ದು ಈ ಗಿಡ್ಡ ಪಿನ್ನಿನಿಂದಲೇ. ಆಗ ದಪ್ಪ ಪಿನ್ನುಗಳಲ್ಲಿ ಕಿಡಿ ಹಾರುವುದಿಲ್ಲ. ಸುಲಭವೆಂದು ಕಾಯಿಲನ್ನು ದಪ್ಪ ಪ್ಲಸ್ ಪಿನ್ನಿಗೇ ಸೇರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಗಿಡ್ಡ ಪಿನ್ನಿನಿಂದ 5 ಆಂಪ್ ಬ್ರೇಕರ್, ಅಲ್ಲಿಂದ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ), ಆಮೇಲೆ ಕಾಯಿಲ್, ಕಾಯಿಲ್‌ನ ಇನ್ನೊಂದು ತುದಿ ಗ್ರೌಂಡಿಗೆ, ಅಂದರೆ ಮೈನಸ್ಸಿಗೆ. ಡಯೋಡಿನ ಬೆಳ್ಳಿ ಗೆರೆ ಕಾಯಿಲ್ ಕಡೆಗಿರಬೇಕು. ಪ್ಲಸ್-ಮೈನಸ್ ಅದಲುಬದಲಾದ ಪ್ಲಗ್ ಬಂದರೆ ಕಾಯಿಲ್‌ಗೆ ಕರೆಂಟೇ ಹೋಗದು. ಇನ್ನೊಂದು ಡಯೋಡನ್ನು ಕಾಯಿಲ್‌ನ ಎರಡು ತುದಿಗೆ ಅಡ್ಡಲಾಗಿ ಹಾಕಿ, ಗೆರೆ ಪ್ಲಸ್ ಕಡೆಗೆ. ಇದನ್ನು ತಿರುಗಿಸಿ ಹಾಕಿದರೆ ಪ್ಲಗ್ ಚುಚ್ಚಿದ ಕೂಡಲೇ ಶಾರ್ಟ್.

ಹೊರಗಿನಿಂದ ಕರೆಂಟ್ ಕೊಡುವ 28 ವೋಲ್ಟಿನ ಗಾಡಿಗೂ (ಕಾರ್ಟ್) ಇದೇ ಪ್ಲಗ್ ಇರುತ್ತದೆ. 12 ವೋಲ್ಟಿನ ವಿಮಾನಕ್ಕೆ ಅದನ್ನು ಚುಚ್ಚಿದರೆ ಡಯೋಡ್ ತಡೆಯುವುದಿಲ್ಲ. ವೋಲ್ಟೇಜ್ ಜಾಸ್ತಿಯಾದರೆ ಬ್ರೇಕರ್ ಬೀಳಿಸುವ ಮಾಡ್ಯೂಲ್ ಕಾಯಿಲ್ ಲೈನಿಗೆ ಸೇರಿಸಿ. ದುಡ್ಡು ಉಳಿಸುವ ಜಾಗ ಇದಲ್ಲ. ಸಾಕೆಟ್ ಪಕ್ಕದಲ್ಲಿ ವೋಲ್ಟ್ ಎಷ್ಟೆಂದು ದೊಡ್ಡದಾಗಿ ಬರೆದೂ ಇರಲಿ.

ಕಾಂಟ್ಯಾಕ್ಟರ್ ಕೊಳ್ಳುವಾಗಲೂ ಹುಷಾರು. ಸದಾ ಆನ್ ಇರಬಲ್ಲದ್ದೂ ಸ್ಟಾರ್ಟರಿನದೂ ನೋಡಲು ಒಂದೇ ಥರ. ಕಾಯಿಲ್‌ಗೆ ಮೀಟರ್ ಇಡಿ: ಸುಮಾರು 15 ಓಮ್ ಬಂದರೆ ಸರಿ. 3-4 ಓಮ್ ಬಂದರೆ ಅದು ಸ್ಟಾರ್ಟರಿನದು, ಹೆಚ್ಚು ಹೊತ್ತು ಬಿಟ್ಟರೆ ಸುಟ್ಟುಹೋಗುತ್ತದೆ. ಲೇಬಲ್ ಇಲ್ಲದ ಅಗ್ಗದ ಮಾಲು ಮುಟ್ಟಲೇಬೇಡಿ.

ಈ ಕಾಂಟ್ಯಾಕ್ಟರಿನಿಂದ ಹೊರಡುವ ಕೇಬಲ್, ಬ್ಯಾಟರಿಯನ್ನು ವಿಮಾನದ ವೈರಿಂಗಿಗೆ ಸೇರಿಸುವ ಮಾಸ್ಟರ್ ಕಾಂಟ್ಯಾಕ್ಟರಿನ ಬ್ಯಾಟರಿ ಕಡೆಯ ಬೋಲ್ಟಿಗೆ ಬರಲಿ. ಬಸ್ (ಉಪಕರಣಗಳಿಗೆ ಕರೆಂಟ್ ಹಂಚುವ ಪಟ್ಟಿ) ಕಡೆಗೆ ಕೊಟ್ಟರೆ, ಬ್ಯಾಟರಿ ಪೂರ್ತಿ ಸತ್ತ ದಿನ ಮಾಸ್ಟರ್ ಆನ್ ಆಗುವುದೇ ಇಲ್ಲ, ಚಾರ್ಜೂ ಆಗುವುದಿಲ್ಲ. ಕೇಬಲ್ ತುದಿಯ ಲಗ್ಗುಗಳನ್ನು ಸರಿಯಾದ ಕ್ರಿಂಪರಿನಲ್ಲೇ (ಒತ್ತಿ ಕೂರಿಸುವ ಇಕ್ಕಳ) ಒತ್ತಿ. ಸುತ್ತಿಗೆಯಲ್ಲಿ ಹೊಡೆದದ್ದು ಇಲ್ಲಿ ನಡೆಯುವುದಿಲ್ಲ.

ದಪ್ಪ ಕೇಬಲ್ ಬಿಗಿಯುವ ಮೊದಲು ಪರೀಕ್ಷೆ. ಕರೆಂಟ್ ಮಿತಿ ಇಡಬಲ್ಲ ಸಪ್ಲೈಯಿಂದ ಗಿಡ್ಡ ಪಿನ್ನಿಗೆ ಪ್ಲಸ್, ಗ್ರೌಂಡಿಗೆ ಮೈನಸ್ ಕೊಡಿ. ಕಾಂಟ್ಯಾಕ್ಟರ್ ಟಕ್ ಎನ್ನಬೇಕು. ಎರಡನ್ನೂ ಅದಲುಬದಲು ಮಾಡಿ ಕೊಡಿ. ಸದ್ದೇ ಬರಬಾರದು. ಬಂದರೆ ಡಯೋಡ್ ತಪ್ಪಿದೆ, ಬಿಚ್ಚಿ ನೋಡಿ.

ಬ್ಯಾಟರಿ ಪೂರ್ತಿ ಕೂತಿದ್ದ ದಿನ ಮಾತ್ರ ಸ್ಟಾರ್ಟ್ ಮಾಡಿದ ಕೂಡಲೇ ಹಾರಬೇಡಿ. ಮೊದಲು ಚೆನ್ನಾಗಿ ಚಾರ್ಜ್ ಆಗಲಿ.