ಪೆಟ್ ಟೆಸ್ಟ್: ಕ್ರಿಯೇಟಿನಿನ್ ಒಂದು ಹೇಳಿತು, ಗ್ಲೂಕೋಸ್ ಇನ್ನೊಂದು

ಹುಣಸೂರು ಕಡೆಯ ರೈತರೊಬ್ಬರು ಕಿಡ್ನಿ ಸೋತಿದ್ದರಿಂದ ಮನೆಯಲ್ಲೇ ಹೊಟ್ಟೆ ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದರು. ದಿನಕ್ಕೆ ನಾಲ್ಕು ಬ್ಯಾಗ್ ದ್ರವ ಹೊಟ್ಟೆಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ಹೊರಗೆ ತೆಗೆಯುವುದು. ಎಲ್ಲ ಸರಿಯಾಗಿಯೇ ಇತ್ತು. ಒಂದು ಸಲ ಕಾಲು ಊದಿಸಿಕೊಂಡು ಬಂದರು. "ಸಿಸ್ಟರ್, ಬಿಟ್ಟಷ್ಟು ನೀರೂ ವಾಪಸ್ ಬರ್ತಿಲ್ಲ" ಅಂದರು. ಡಾಕ್ಟರ್ ಪೆಟ್ ಬರೆದರು, ಅಂದರೆ ಪೆರಿಟೋನಿಯಲ್ ಈಕ್ವಿಲಿಬ್ರೇಶನ್ ಟೆಸ್ಟ್, ಹೊಟ್ಟೆಯ ಪೊರೆಯ ಪರೀಕ್ಷೆ. ನಾನು ಪಿಡಿ ನರ್ಸ್, ಪಿಡಿ ಅಂದರೆ ಈ ಹೊಟ್ಟೆ ಡಯಾಲಿಸಿಸ್. ಟೆಸ್ಟ್ ಮಾಡುವುದು ನನ್ನ ಕೆಲಸ.

ಹೊಟ್ಟೆಯೊಳಗಿನ ತೆಳು ಪೊರೆಯೇ ಇಲ್ಲಿ ಫಿಲ್ಟರ್. ಬಿಡುವ ದ್ರವದಲ್ಲಿ ಗ್ಲೂಕೋಸ್ ಇರುತ್ತದೆ. ಉಪ್ಪು ಹಚ್ಚಿಟ್ಟ ಮಾವಿನಕಾಯಿ ನೀರು ಬಿಡುತ್ತದಲ್ಲ, ಹಾಗೆ ಗ್ಲೂಕೋಸ್ ಮೈಯ ನೀರನ್ನು ಎಳೆಯುತ್ತದೆ. ಪೊರೆ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಚುರುಕಿದ್ದರೆ ಒಳ್ಳೆಯದು ಅಂತ ಅನಿಸಬಹುದು. ಕೊಳೆ ಬೇಗ ಹೊರಬರುತ್ತದೆ, ನಿಜ. ಆದರೆ ಗ್ಲೂಕೋಸೂ ಅಷ್ಟೇ ಬೇಗ ರಕ್ತಕ್ಕೆ ಸೇರುತ್ತದೆ. ಎಳೆಯುವ ಶಕ್ತಿ ಹೋದ ಮೇಲೆ ನೀರು ಒಳಗೇ ಉಳಿಯುತ್ತದೆ. ಅಂಥವರಿಗೆ ಬ್ಯಾಗ್‌ಗಳನ್ನು ಬೇಗ ಬೇಗ ಬದಲಿಸಬೇಕು, ರಾತ್ರಿ ದ್ರವವನ್ನು ತಾನೇ ಬದಲಿಸುವ ಮೆಷಿನ್ ಹಾಕಬೇಕಾಗಬಹುದು. ಪೊರೆ ಎಷ್ಟು ಚುರುಕು ಅಂತ ಅಳೆಯುವ ಈ ಟೆಸ್ಟನ್ನು 1987ರಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿ ಟ್ವಾರ್ಡೋವ್ಸ್ಕಿ ಮತ್ತು ಜೊತೆಗಾರರು ರೂಪಿಸಿದರು. ನಾವು ಈಗಲೂ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಟೆಸ್ಟ್ ಶುರುವಾಗುವುದು ಹಿಂದಿನ ರಾತ್ರಿ. ರಾತ್ರಿಯ ಬ್ಯಾಗ್ 8ರಿಂದ 12 ಗಂಟೆ ಹೊಟ್ಟೆಯಲ್ಲಿರಬೇಕು, ಅದನ್ನು ಹೊತ್ತುಕೊಂಡೇ ಬರಬೇಕು. ಹಿಂದೆ ಒಬ್ಬರು ಬಸ್ಸಲ್ಲಿ ಒದ್ದಾಟ ಅಂತ ಮನೆಯಲ್ಲೇ ಖಾಲಿ ಮಾಡಿ ಬಂದಿದ್ದರು. ಅವತ್ತು ಟೆಸ್ಟ್ ಮಾಡಲಿಲ್ಲ, ಕಾಫಿ ಕುಡಿಸಿ ವಾಪಸ್ ಕಳಿಸಿದೆ. ಇವರು ಹೇಳಿದಂತೆಯೇ ಬಂದಿದ್ದರು.

ಕೂರಿಸಿ 20 ನಿಮಿಷ ಪೂರ್ತಿ ಡ್ರೈನ್ ಮಾಡಿದೆ. ಆತುರಪಟ್ಟು ಹಳೆ ನೀರು ಒಳಗೆ ಉಳಿದರೆ ಲೆಕ್ಕವೆಲ್ಲ ಅಡ್ಡಾದಿಡ್ಡಿ. ಆಮೇಲೆ ಮಲಗಿಸಿ 2 ಲೀಟರಿನ 2.5% ಗ್ಲೂಕೋಸ್ ಬ್ಯಾಗನ್ನು 10 ನಿಮಿಷದಲ್ಲಿ ಬಿಟ್ಟೆ. ಎರಡೆರಡು ನಿಮಿಷಕ್ಕೆ ಆ ಮಗ್ಗುಲು, ಈ ಮಗ್ಗುಲು ಹೊರಳಬೇಕು. "ರೊಟ್ಟಿ ತಿರುವಿ ಹಾಕಿದಂಗಾಯ್ತು" ಅಂತ ನಕ್ಕರು. ಬಿಟ್ಟು ಮುಗಿದ ಕೂಡಲೇ 200 ಎಂಎಲ್ ಹೊರಗೆ ತೆಗೆದು, 10 ಎಂಎಲ್ ಇಟ್ಟುಕೊಂಡು, ಉಳಿದದ್ದು ವಾಪಸ್ ಬಿಟ್ಟೆ. ಅದು ಸೊನ್ನೆ ಗಂಟೆಯ ಸ್ಯಾಂಪಲ್. 2 ಗಂಟೆಗೆ ಮತ್ತೆ ಅದೇ, ಜೊತೆಗೆ ರಕ್ತ. 4 ಗಂಟೆಗೆ ಪೂರ್ತಿ ಡ್ರೈನ್. ಬ್ಯಾಗನ್ನು ಬಿಡುವ ಮುಂಚೆಯೂ ತೂಗಿದ್ದೆ, ಯಾಕಂದ್ರೆ 2 ಲೀಟರ್ ಅಂತ ಬರೆದ ಬ್ಯಾಗಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಕೊನೆಯ ಸ್ಯಾಂಪಲ್ ತೆಗೆಯುವ ಮುನ್ನ ಬ್ಯಾಗನ್ನು ಮೇಲೆ ಕೆಳಗೆ ಚೆನ್ನಾಗಿ ತಿರುವಬೇಕು. ಹೊಸದರಲ್ಲಿ ಇದನ್ನು ಮರೆತು ಒಂದು ಇಡೀ ಟೆಸ್ಟ್ ಕೆಡಿಸಿದ್ದೀನಿ.

ಸಂಜೆ ರಿಪೋರ್ಟ್ ಬಂತು. ಕ್ರಿಯೇಟಿನಿನ್ ಅನ್ನೋದು ರಕ್ತದಿಂದ ಹೊರಬರಬೇಕಾದ ಒಂದು ಕೊಳೆ. ದ್ರವದಲ್ಲಿ ಅದು 5.4, ರಕ್ತದಲ್ಲಿ 8. ಭಾಗಿಸಿದರೆ 0.68. ಹಿಂದಿನ ವರ್ಷ 0.60 ಇತ್ತು. 0.50ರಿಂದ 0.64 ಸರಾಸರಿಗಿಂತ ನಿಧಾನದ ಗುಂಪು, 0.65ರಿಂದ 0.81 ಸರಾಸರಿಗಿಂತ ಚುರುಕು. ಗುಂಪೇ ಬದಲಾಗಿದೆ, ಕಾಲೂ ಊದಿದೆ. ಕಥೆ ಎಷ್ಟು ಸಲೀಸಾಗಿ ಕೂಡಿಕೊಂಡಿತು ಅಂದ್ರೆ, ಮನೆಗೆ ಮೆಷಿನ್ ತರಿಸುವ ಮಾತೂ ಶುರುವಾಯಿತು.

ನನಗೆ ಚುಚ್ಚಿದ್ದು ಗ್ಲೂಕೋಸ್. ಸೊನ್ನೆ ಗಂಟೆಗೆ 2150, 4 ಗಂಟೆಗೆ 900. ಅಂದರೆ 0.42 ಭಾಗ ಇನ್ನೂ ಉಳಿದಿದೆ. ಪೊರೆ ಚುರುಕಾಗಿದ್ದರೆ ಇಷ್ಟು ಉಳಿಯಬಾರದು. ಇದು ಸರಾಸರಿಗಿಂತ ನಿಧಾನದ ಗುಂಪಿನ ಅಂಕಿ. ಒಂದೇ ಪೊರೆ, ಒಂದೇ ಬೆಳಿಗ್ಗೆ, ಎರಡು ಮಾತು ಹೇಗೆ?

ಮರುದಿನ ಬಳಸದ ಹೊಸ ಬ್ಯಾಗಿಂದ ಸ್ವಲ್ಪ ದ್ರವ ತೆಗೆದು ಲ್ಯಾಬಿಗೆ ಕಳಿಸಿದೆ. ಅದರಲ್ಲಿ ಕ್ರಿಯೇಟಿನಿನ್ ಇರಲು ಸಾಧ್ಯವೇ ಇಲ್ಲ. ರಿಪೋರ್ಟಲ್ಲಿ 1.2 ಅಂತ ಬಂತು! ವಿಚಾರಿಸಿದರೆ, ಲ್ಯಾಬಲ್ಲಿ ಕ್ರಿಯೇಟಿನಿನ್ ಅಳೆಯಲು ಎಂಜೈಮ್ ವಿಧಾನ ಬಿಟ್ಟು ಯಾಫೆ ಅನ್ನುವ ಇನ್ನೊಂದು ವಿಧಾನಕ್ಕೆ ಬದಲಾಗಿದ್ದರು. ಯಾಫೆಯಲ್ಲಿ ಗ್ಲೂಕೋಸ್ ಜಾಸ್ತಿ ಇದ್ದರೆ ಕ್ರಿಯೇಟಿನಿನ್ ಸುಳ್ಳೇ ಏರುತ್ತದೆ. ರಕ್ತದ ಸಕ್ಕರೆಯ ಮಟ್ಟದಲ್ಲಿ ಅದು ಗೊತ್ತೇ ಆಗುವುದಿಲ್ಲ, ಈ ದ್ರವದಲ್ಲಿ ಗೊತ್ತಾಗುತ್ತದೆ. ಅವರ ತಪ್ಪು ಅನ್ನಲಾರೆ, ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಲೆಕ್ಕ ಸುಲಭ. ಹೊಸ ಬ್ಯಾಗಿನ ಗ್ಲೂಕೋಸ್ 2350. 1.2ನ್ನು ಅದರಿಂದ ಭಾಗಿಸಿದರೆ ಸುಮಾರು 0.00051. ಇದನ್ನು 900ಕ್ಕೆ ಗುಣಿಸಿದರೆ 0.46, ಅಷ್ಟು ಗ್ಲೂಕೋಸ್ ಹೇಳಿದ ಸುಳ್ಳು. 5.4ರಲ್ಲಿ ಅಷ್ಟು ಕಳೆದು 8ರಿಂದ ಭಾಗಿಸಿ. 0.62. ಪೊರೆ ಹೆಚ್ಚುಕಡಿಮೆ ಹೋದ ವರ್ಷದಂತೆಯೇ ಇದೆ. ಡ್ರೈನ್ ಆದ ನೀರು ಕೂಡ ಅದನ್ನೇ ಹೇಳುತ್ತಿತ್ತು, ಬಿಟ್ಟಿದ್ದಕ್ಕಿಂತ 320 ಎಂಎಲ್ ಜಾಸ್ತಿ. ನಾನು ಮೊದಲೇ ಅದನ್ನು ನೋಡಬೇಕಿತ್ತು.

ಹಾಗಾದರೆ ಕಾಲು ಯಾಕೆ ಊದಿತು? ಅವರ ಡೈರಿ ತರಿಸಿ ಕೂತೆ. ನಮ್ಮ ಬ್ಯಾಗ್‌ಗಳಲ್ಲಿ 1.5%ಗೆ ಹಳದಿ ಗುರುತು, 2.5%ಗೆ ಹಸಿರು. ಮೂರು ವಾರದಿಂದ ರಾತ್ರಿಗೂ ಹಳದಿಯೇ. ಟೆಸ್ಟಿನ ಹಿಂದಿನ ರಾತ್ರಿಗೆ ಮಾತ್ರ ನಾನು ಕೊಟ್ಟ ಹಸಿರು ಬ್ಯಾಗ್. ಕೇಳಿದ್ದಕ್ಕೆ, "ಹಸಿರು ಮುಗಿದಿತ್ತು ಸಿಸ್ಟರ್. ಮಗ ಬರೋವರೆಗೆ ಅಂತ ಹಳದಿ ಹಾಕೊಂಡೆ. ಎರಡೂ ನೀರೇ ಅಲ್ವಾ?" ಅಂದರು. ಹಳದಿ ಬ್ಯಾಗ್ 10 ಗಂಟೆ ಹೊಟ್ಟೆಯಲ್ಲಿದ್ದರೆ ಗ್ಲೂಕೋಸ್ ಅರ್ಧ ರಾತ್ರಿಗೇ ಸೋತಿರುತ್ತದೆ. ಆಮೇಲೆ ಬಿಟ್ಟ ನೀರೂ ಮೈಗೇ ಸೇರುತ್ತದೆ.

ರಾತ್ರಿಗೆ ಮತ್ತೆ ಹಸಿರು ಬ್ಯಾಗ್ ಶುರು ಮಾಡಿಸಿದೆವು. ಹಬ್ಬಕ್ಕೆ ಹಾಕಿದ್ದ ಉಪ್ಪಿನಕಾಯಿ ಭರಣಿಯನ್ನು ಮಗಳ ಮನೆಗೆ ಸಾಗಿಸಲು ಹೇಳಿದೆ, ಅದಕ್ಕೆ ಮಾತ್ರ ಮುಖ ಸಪ್ಪಗಾಯಿತು. ಎರಡು ವಾರದಲ್ಲಿ ಊತ ಇಳಿಯಿತು. ಈಗ ಪ್ರತಿ ಪೆಟ್‌ನಲ್ಲೂ ಒಂದು ಟ್ಯೂಬ್ ಜಾಸ್ತಿ ಕಳಿಸುತ್ತೀನಿ, ಮೇಲೆ "ಹೊಸ ಬ್ಯಾಗ್" ಅಂತ ಬರೆದು. ಲ್ಯಾಬಿನ ಹುಡುಗ ಮೊದಮೊದಲು ಫೋನ್ ಮಾಡಿ ಇದು ಯಾವ ಪೇಷಂಟ್ ಮೇಡಂ ಅಂತ ಕೇಳುತ್ತಿದ್ದ.