ಅವರ ಬಾಯಿಂದಲೇ ಹೇಳಿಸಿ ಕಲಿಸಿದ ಆರೋಗ್ಯ ಪಾಠ

ಸಮುದಾಯದ ಸ್ವಯಂಸೇವಕರಿಗೆ ಆರೋಗ್ಯ ತರಬೇತಿ ಕೊಡುವಾಗ ನಾನು ನೋಡುವುದು ಒಂದನ್ನೇ. ತರಬೇತಿ ಮುಗಿಸಿ ಹೋದವರು, ಮಾತು ಒಪ್ಪದ ಮನೆಯವರ ಎದುರು ಕೂತು, ಕೈಯಲ್ಲಿ ಪುಸ್ತಕವಿಲ್ಲದೆ, ತಮ್ಮದೇ ಮಾತಿನಲ್ಲಿ ವಿಷಯ ತಿಳಿಹೇಳಬಲ್ಲರೇ? ಜ್ವರದ ಸಿರಪ್ ಹಿಡಿದುಕೊಂಡು "ಎಷ್ಟು ಕೊಡಲಿ?" ಎಂದು ಕೇಳುವ ತಾಯಿಗೆ ಮೊದಲು ಸಿಗುವವರು ಇವರೇ. ಹಾಗಾಗಿ ನನ್ನ ತರಗತಿಯಲ್ಲಿ ನಾನು ಮಾತಾಡುವುದು ಕಡಿಮೆ. ಅವರಿಂದ ಮಾತಾಡಿಸುವುದು, ಮಾಡಿಸುವುದು ಹೆಚ್ಚು.

ಗುಂಪು 12-15 ಜನರಿಗಿಂತ ದೊಡ್ಡದಾಗದಂತೆ ನೋಡಿಕೊಳ್ಳುತ್ತೇನೆ. ಎಲ್ಲರೂ ಸುತ್ತ ಕೂರುತ್ತೇವೆ, ನಾನೂ ಅವರ ನಡುವೆಯೇ. ಓದುಬರಹ ನಿಧಾನವಾಗಿರುವವರು ಯಾವ ಗುಂಪಿನಲ್ಲೂ ಇದ್ದೇ ಇರುತ್ತಾರೆ. ಆದ್ದರಿಂದ ಮೊದಲ ದಿನ ಯಾರಿಂದಲೂ ಬರೆಸುವುದಿಲ್ಲ, ಚಿತ್ರದ ಕಾರ್ಡುಗಳೇ ಸಾಕು. ಮೊದಲ ಪ್ರಶ್ನೆ ಯಾವಾಗಲೂ ಇದು: "ನೀವು ಹೋದ ಮನೆಗಳಲ್ಲಿ ಏನು ನೋಡಿದ್ದೀರಿ?"

ಮಕ್ಕಳ ಭೇದಿಯ ವಿಷಯ ತೆಗೆದಾಗ ಈ ಪ್ರಶ್ನೆಗೆ ಬಹಳ ಉತ್ತರ ಬರುತ್ತದೆ. "ನೀರು ಕೊಟ್ಟರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ ಅಂತ ಕೊಡೋದೇ ಇಲ್ಲ ಮೇಡಂ" ಎನ್ನುತ್ತಾರೆ. ಅರ್ಧ ಜನ ಅದನ್ನು ತಾವೂ ನಂಬಿರುತ್ತಾರೆ. ಆಗ ನಾನು ತಿದ್ದಲು ಹೋಗುವುದಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತರಿಸಿ, ತಳದ ಹತ್ತಿರ ತೂತು ಮಾಡಿ ಬಿರಡೆ ಹಾಕಿಸುತ್ತೇನೆ. ಡಬ್ಬಿಯ ತುಂಬ ನೀರು, ಬಾಯಿಗೆ ಒದ್ದೆ ಮಾಡಿದ ತೆಳು ಬಟ್ಟೆ. ನೀರು ತುಂಬಿರುವಾಗ ಬಟ್ಟೆ ಮಟ್ಟಸವಾಗಿರುತ್ತದೆ. ಬಿರಡೆ ತೆಗೆದು ನೀರು ಇಳಿಯುತ್ತಾ ಹೋದಂತೆ ಬಟ್ಟೆ ನಡುವೆ ಕುಸಿಯುತ್ತದೆ. ಆರೋಗ್ಯ ತರಬೇತಿಯಲ್ಲಿ ಬಹಳ ಹಿಂದಿನಿಂದ ನಡೆದುಬಂದಿರುವ ಚಟುವಟಿಕೆ ಇದು. ನಾನು ಏನೂ ಹೇಳದೆ ಕಾಯುತ್ತೇನೆ. ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಮಗುವಿನ ನೆತ್ತಿ ಹೀಗೇ ಒಳಗೆ ಹೋಗಿತ್ತು." ಅಲ್ಲಿಂದ ಮುಂದೆ ಪಾಠ ಅವರದೇ. ಕಣ್ಣು ಗುಳಿಬಿದ್ದದ್ದು, ಅತ್ತರೂ ಕಣ್ಣೀರು ಬಾರದ್ದು, ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿದದ್ದು, ಎಲ್ಲವನ್ನೂ ತಾವೇ ನೆನಪಿಸಿಕೊಂಡು ಜೋಡಿಸುತ್ತಾರೆ. "ಹಾಗಾದರೆ ಮೇಲಿಂದ ನೀರು ಹಾಕುವುದು ನಿಲ್ಲಿಸಿದರೆ?" ಎಂದು ಕೇಳಿದರೆ ಸಾಕು.

ನಂತರ ಓಆರ್‌ಎಸ್. ಭೇದಿಯಲ್ಲಿ ಹೋದ ನೀರು, ಲವಣ ತುಂಬಲು ಕುಡಿಸುವ ಈ ಪುಡಿಯ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಇಡಿಯಾಗಿ ಸುರಿಯಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಆ ಒಂದು ಲೀಟರ್ ಎಷ್ಟು? ಮನೆಯಿಂದ ತಂದ ಪಾತ್ರೆಗಳಲ್ಲಿ ಅಂದಾಜಿಗೆ ನೀರು ತುಂಬಲು ಹೇಳಿ, ಅದನ್ನು ಅಳತೆಯ ಬಾಟಲಿಗೆ ಹಾಕಿ ನೋಡುತ್ತೇವೆ. ಒಬ್ಬರದು ಮುಕ್ಕಾಲು, ಇನ್ನೊಬ್ಬರದು ಒಂದೂವರೆ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ, ಹೆಚ್ಚಾದರೆ ಗುಣ ಸಾಲದು. ಅಲ್ಲೇ ಪ್ರತಿಯೊಬ್ಬರೂ ತಮ್ಮ ಪಾತ್ರೆಗೆ ಸರಿಯಾದ ಗುರುತು ಹಾಕಿಕೊಳ್ಳುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ನೀರಾಗಿ ಭೇದಿಯಾದಾಗ 50-100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100-200 ಮಿ.ಲೀ. ಎಂಬುದನ್ನೂ ಲೋಟದಲ್ಲಿ ಸುರಿದೇ ನೋಡುತ್ತೇವೆ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದು ಕಲಸಬೇಕು.

ಜಿಂಕ್ ಮಾತ್ರೆಯ ಬಗ್ಗೆ ಅವರು ಎತ್ತುವ ಪ್ರಶ್ನೆ ಚೆನ್ನಾಗಿರುತ್ತದೆ: "ಮೂರು ದಿನಕ್ಕೆ ಭೇದಿ ನಿಂತರೆ 14 ದಿನ ಯಾಕೆ ಕೊಡಬೇಕು?" ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ., ಮೇಲ್ಪಟ್ಟವರಿಗೆ 20 ಮಿ.ಗ್ರಾಂ., 10ರಿಂದ 14 ದಿನ ಎಂದು ಹೇಳಿದರೆ ಅದು ಬರೀ ನಿಯಮ. ಪೂರ್ತಿ ಕೊಟ್ಟರೆ ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿಯಾಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ ಎಂಬ ಕಾರಣ ಗೊತ್ತಾದರೆ, ಅದನ್ನು ಮನೆಯವರಿಗೆ ಹೇಳುವ ಧೈರ್ಯ ಬರುತ್ತದೆ.

ನನಗೆ ಬಹಳ ಮುಖ್ಯವಾದ ಭಾಗ ಅಭಿನಯ. "ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಇದನ್ನು ನೀವು ಮನೆಯಲ್ಲಿ ಹೇಗೆ ಹೇಳ್ತೀರಿ, ಹೇಳಿ ತೋರಿಸಿ" ಎನ್ನುತ್ತೇನೆ. ವೈದ್ಯಕೀಯದಲ್ಲಿ ಇದಕ್ಕೆ ಟೀಚ್-ಬ್ಯಾಕ್ ಎನ್ನುತ್ತಾರೆ. ಹೇಳಿದವರ ಮೇಲೆ ಹೊಣೆ ಬೀಳುವುದರಿಂದ ಕೇಳಿದವರಿಗೆ ಅವಮಾನವಾಗುವುದಿಲ್ಲ.

ಒಮ್ಮೆ ಗುಂಪಿನ ಹಿರಿಯ ಸ್ವಯಂಸೇವಕಿಯೊಬ್ಬರು ಅಜ್ಜಿಯ ಪಾತ್ರ ಮಾಡಿದರು. "ನಮ್ಮ ಕಾಲದಲ್ಲಿ ಈ ಪುಡಿ ಎಲ್ಲಿತ್ತು? ನಾನು ಐದು ಮಕ್ಕಳನ್ನ ಸಾಕಲಿಲ್ವಾ?" ಎದುರಿಗಿದ್ದ ಹುಡುಗಿ "ನಿರ್ಜಲೀಕರಣ ಆಗುತ್ತೆ ಅಜ್ಜಿ" ಎಂದಳು. ಅಜ್ಜಿ ಮುಖ ತಿರುಗಿಸಿದರು. ಅಲ್ಲಿಗೆ ನಿಲ್ಲಿಸಿ, ಏನು ಮಾಡಬಹುದಿತ್ತು ಎಂದು ಗುಂಪನ್ನು ಕೇಳಿದೆ. ತುಸು ಚರ್ಚೆಯಾಯಿತು. ಎರಡನೇ ಸಲ ಹುಡುಗಿ ಹತ್ತಿರ ಕೂತು ಕೇಳಿದಳು:

"ಅಜ್ಜಿ, ಬೆಳಿಗ್ಗೆಯಿಂದ ಮಗು ಎಷ್ಟು ಸಲ ಹೋಯ್ತು?"

"ಆರೇಳು ಸಲ ಹೋಗಿರಬಹುದು."

"ಅಷ್ಟು ನೀರು ಹೊರಗೆ ಹೋಯ್ತು. ಒಳಗೆ ಎಷ್ಟು ಹಾಕಿದ್ದೀವಿ?"

ಅಜ್ಜಿಯ ಪಾತ್ರದಲ್ಲಿದ್ದವರಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಪಾತ್ರ ಬಿಟ್ಟು, "ನಮ್ಮತ್ತೆಯವರನ್ನೂ ಹೀಗೇ ಕೇಳಬೇಕಿತ್ತು" ಎಂದರು. ಹೇಳುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕು ಎಂಬ ನಿಯಮವನ್ನು ಆ ಗುಂಪೇ ಮಾಡಿಕೊಂಡಿತು. ಈಗ ಬೇರೆ ಗುಂಪುಗಳಲ್ಲೂ ಅದನ್ನೇ ಬಳಸುತ್ತಿದ್ದೇನೆ.

ಅಂಕಿಗಳ ವಿಷಯದಲ್ಲಿ ಆತುರ ಸಲ್ಲದು. ಔಷಧದ ಚೀಟಿಯಲ್ಲಿ ಟೀ ಚಮಚ ಎಂದರೆ 5 ಮಿ.ಲೀ., ಟೇಬಲ್ ಚಮಚ ಎಂದರೆ 15 ಮಿ.ಲೀ. ಟೀ ಚಮಚದ ಜಾಗದಲ್ಲಿ ಟೇಬಲ್ ಚಮಚ ಬಳಸಿದರೆ ಡೋಸ್ ಮೂರು ಪಟ್ಟಾಗುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ ನೀರು ಎಳೆದು ಬೇರೆ ಬೇರೆ ಚಮಚಗಳಿಗೆ ಹಾಕಿಸಿದಾಗ ಮನೆಯ ಚಮಚ ನಂಬುವಂತಿಲ್ಲ ಎಂಬುದು ಅವರಿಗೇ ಕಾಣುತ್ತದೆ. ಉಸಿರಾಟ ಎಣಿಸುವುದನ್ನೂ ಹೀಗೇ ವಿಡಿಯೊ ಹಾಕಿ, ಪೂರ್ತಿ ಒಂದು ನಿಮಿಷ ಎಣಿಸಿ ಕಲಿಯುತ್ತೇವೆ. ಕೆಮ್ಮು ಇರುವ ಮಗು ನಿಮಿಷಕ್ಕೆ, ಎರಡು ತಿಂಗಳೊಳಗಾದರೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಮಗು ಅಳುತ್ತಿರುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಏನೂ ಕುಡಿಯಲಾಗದ, ಕುಡಿದದ್ದೆಲ್ಲ ವಾಂತಿ ಮಾಡುವ, ಫಿಟ್ಸ್ ಬಂದ ಅಥವಾ ಎಬ್ಬಿಸಿದರೂ ಏಳದ ಮಗುವಾದರೆ ಎಣಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ.

ಇಷ್ಟೊಂದು ಹೊತ್ತು ಮಾತಾಡಿಸುವ ಬದಲು ಒಂದು ಉಪನ್ಯಾಸ ಮಾಡಿ ಮುಗಿಸಬಾರದೇ ಎಂದು ಕೇಳುವವರಿಗೆ ನಾನು ನೇಪಾಳದ ಮಕವಾನ್‌ಪುರ ಜಿಲ್ಲೆಯ ಅಧ್ಯಯನದ ಬಗ್ಗೆ ಹೇಳುತ್ತೇನೆ. ಅಲ್ಲಿ ಹಳ್ಳಿಯ ಮಹಿಳೆಯರು ತಿಂಗಳಿಗೊಮ್ಮೆ ಗುಂಪಾಗಿ ಸೇರಿ, ಬಾಣಂತಿ-ಶಿಶುಗಳ ಸಮಸ್ಯೆಗಳನ್ನು ತಾವೇ ಗುರುತಿಸಿ, ಪರಿಹಾರ ಯೋಜಿಸಿ, ಜಾರಿಗೆ ತಂದು, ಫಲ ಪರಿಶೀಲಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನವಜಾತ ಶಿಶು ಮರಣ ಆ ಗುಂಪುಗಳಿದ್ದ ಕಡೆ ಸುಮಾರು ಶೇ. 30ರಷ್ಟು ಕಡಿಮೆಯಿತ್ತು. ಜಾರ್ಖಂಡ್ ಮತ್ತು ಒಡಿಶಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನದಲ್ಲಿ ಇಳಿಕೆ ಶೇ. 32. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಈ ಬಗೆಯ ಮಹಿಳಾ ಗುಂಪುಗಳ ಸಹಭಾಗಿ ಕಲಿಕೆಯನ್ನು ಶಿಫಾರಸು ಮಾಡಿತು.

ಆರೋಗ್ಯ ಸಾಕ್ಷರತೆಯನ್ನು ಸಾರ್ವಜನಿಕ ಆರೋಗ್ಯ ತಜ್ಞ ಡಾನ್ ನಟ್‌ಬೀಮ್ 2000ದಲ್ಲಿ ಮೂರು ಹಂತವಾಗಿ ವಿವರಿಸಿದರು: ಮಾಹಿತಿಯನ್ನು ಓದಿ ತಿಳಿಯುವುದು, ಇತರರೊಂದಿಗೆ ಮಾತಾಡಿ ಅದನ್ನು ಬಳಸುವುದು, ವಿಮರ್ಶಿಸಿ ನೋಡುವುದು. ಮೂರನೆಯದಕ್ಕೆ ಮೊಬೈಲಿಗೆ ಬಂದ ಸಂದೇಶಗಳೇ ನಮ್ಮ ಪಠ್ಯ. "ಇದನ್ನು ಕುಡಿದರೆ ಸಕ್ಕರೆ ಕಾಯಿಲೆ ಪೂರ್ತಿ ವಾಸಿ" ಎಂಬಂಥ ಸಂದೇಶ ತೆಗೆದು, ಹೇಳಿದ್ದು ಯಾರು, ಯಾವಾಗ, ಇದರಿಂದ ಯಾರಿಗೆ ಲಾಭ, ಇದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಏನಾಗಬಹುದು ಎಂದು ಒಂದೊಂದಾಗಿ ಕೇಳುತ್ತೇವೆ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎನ್ನುವುದನ್ನೂ ಅಭಿನಯಿಸಿಯೇ ಅಭ್ಯಾಸ ಮಾಡಿಸುತ್ತೇನೆ. ಆ ಮಾತು ಬಾಯಿಗೆ ಬರಲು ಕಷ್ಟಪಡುವವರು ಬಹಳ ಮಂದಿ. ಅದು ಬಂದ ಮೇಲೆ ಜನ ಅವರನ್ನು ಹೆಚ್ಚು ನಂಬುವುದನ್ನು ಕಂಡಿದ್ದೇನೆ.

ತರಬೇತಿಗೆ ಮೊದಲು ಮತ್ತು ನಂತರ ಪರೀಕ್ಷೆ ಇಡುತ್ತೇನಾದರೂ ಅದರ ಅಂಕಗಳನ್ನು ಹೆಚ್ಚು ನೆಚ್ಚುವುದಿಲ್ಲ. ಒಂದು ತಿಂಗಳ ನಂತರ ಅವರೊಟ್ಟಿಗೆ ಮನೆಭೇಟಿಗೆ ಹೋಗಿ, ಹಿಂದೆ ಸುಮ್ಮನೆ ಕೂತು, ಮೊದಲು ಪ್ರಶ್ನೆ ಕೇಳಿದರೇ, ತಿರುಗಿ ಹೇಳಿಸಿದರೇ, ಅಪಾಯದ ಲಕ್ಷಣ ನೋಡಿದರೇ ಎಂದು ಗುರುತು ಹಾಕಿಕೊಳ್ಳುತ್ತೇನೆ. ಆ ಪಟ್ಟಿಯನ್ನು ಅವರಿಗೇ ಕೊಟ್ಟು, ಮಾಸಿಕ ಸಭೆಯಲ್ಲಿ ಅವರವರೇ ಮಾತಾಡುವಂತೆ ಬಿಡುತ್ತೇನೆ. ಸಭೆಯನ್ನು ನಡೆಸುವುದೂ ಸರದಿಯಂತೆ ಅವರೇ. ಮುಂದಿನ ಸಭೆಗೆ ಅವರು ಆರಿಸಿಕೊಂಡ ವಿಷಯ ಬಿಪಿ ಮಾತ್ರೆಯನ್ನು ನಡುವೆ ನಿಲ್ಲಿಸುವವರು. ಯಂತ್ರ ತರುವುದು ನನ್ನ ಪಾಲಿಗೆ ಬಂದಿದೆ. ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಮಟ್ಟಕ್ಕೆ ಇರಿಸಿ, ಮಾತಾಡಿಸದೆ ಅಳೆಯುವುದನ್ನು ಮೊದಲು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವುದೆಂದು ಗೊತ್ತುಮಾಡಿಕೊಂಡಿದ್ದಾರೆ.